ಅಪ್‌ಡೇಟ್: ಬೀದರಿನ ನಮ್ಮ ಮನೆಯ ಗೀಸರ್ ಕರೆಂಟ್ ಎಲ್ಲಿ ಹೋಗ್ತಿತ್ತು, ಸಿಕ್ತು

ಶರಣ್ರಿ ಎಲ್ಲರಿಗೂ. ಚಳಿ ಶುರುವಾದ ಮೇಲೆ ನಮ್ಮ ಮೀಟರ್ 200 ಯೂನಿಟ್ ದಾಟಿ, ಗೃಹಜ್ಯೋತಿ ಇದ್ದರೂ ಪೂರಾ ಬಿಲ್ ಬಂತು, ಯಾಕೆ ಅಂತ ಕೇಳಿದ್ದೆ. ಉಳಿದ ಸ್ವಿಚ್ಚೆಲ್ಲ ಬಂದ್ ಮಾಡಿ ಗೀಸರ್ ಒಂದನ್ನೇ ಬಿಟ್ಟು ಮೀಟರ್ ನೋಡಿ ಅಂದಿದ್ರಲ್ಲ, ಹಾಗೇ ಮಾಡಿದೆ. ಯಾರೂ ನೀರು ಬಳಸದಿದ್ದರೂ ತಾಸಿಗೊಮ್ಮೆ ಗೀಸರ್ ಲೈಟು ಹತ್ತುತ್ತಿತ್ತು.

ಕಾರಣ ಬಚ್ಚಲಿನ ಬಿಸಿನೀರಿನ ನಳ. ತೊಟ್ಟಿಕ್ಕೋದು ಗೊತ್ತಿತ್ತು, ಹನಿ ನೀರಲ್ವಾ ಅಂತ ಬಿಟ್ಟಿದ್ವಿ. ರಾತ್ರಿ ಕೆಳಗೆ ಬಕೆಟ್ ಇಟ್ಟೆ. ಬೆಳಿಗ್ಗೆ ಕಂಠದವರೆಗೆ ತುಂಬಿತ್ತು, ಹತ್ತಿರಹತ್ತಿರ 15 ಲೀಟರ್! ಅಷ್ಟು ನೀರು 20ರಿಂದ 60 ಡಿಗ್ರಿಗೆ ಕಾಯಲು ಸುಮಾರು 0.7 ಯೂನಿಟ್ ಬೇಕು. ಹಗಲೂ ಹಾಗೇ ಸೋರುತ್ತಿತ್ತು ಅನ್ನೋದು ನೆನೆದರೆ ಹೊಟ್ಟೆ ಉರಿಯುತ್ತೆ.

ವಾಷರ್ ಬದಲಾಯಿಸಿದೆವು. ಥರ್ಮೋಸ್ಟಾಟ್ 50ಕ್ಕೆ ಇಳಿಸಿದೆ. ದಿನವಿಡೀ ಆನ್ ಇರುತ್ತಿದ್ದ ಗೀಸರ್ ಈಗ ಸ್ನಾನಕ್ಕೆ ಅರ್ಧ ತಾಸು ಮುಂಚೆ ಮಾತ್ರ. ಕಾಯಿಲ್ ಬಿಚ್ಚಿಸಿದಾಗ ಹಳೇ ಗೋಡೆಯ ಸುಣ್ಣದಂತೆ ಬಿಳಿ ಚಕ್ಕೆ ಉದುರಿತು. ಬೋರಿನ ನೀರಿನ ಕೆಲಸ. ಅದು ದಪ್ಪಗಾದರೆ ಕಾಯಿಲ್ಲೇ ಸುಟ್ಟುಹೋಗುತ್ತೆ, ವರ್ಷಕ್ಕೊಮ್ಮೆ ತೆಗೆಸಿ.

ಈ ತಿಂಗಳ ರೀಡಿಂಗ್ 148. ಬಕೆಟ್ ಇಟ್ಟು ನೋಡಿ ಅಂದವರಿಗೆ ಅಮ್ಮನೂ ಥ್ಯಾಂಕ್ಸ್ ಹೇಳಿದ್ದಾರೆ.