ಹಳೆಯ ಮರದ ಕೆನೂ ದೋಣಿಯ ಗುರುತು ಹಚ್ಚುವುದು ಹೇಗೆ?

ಪ್ರಶ್ನೆ: ಅಮೆರಿಕದ ಮೇನ್ ರಾಜ್ಯದಲ್ಲಿರುವ ನಾನು, ನೆರೆಯವರ ಕೊಟ್ಟಿಗೆಯಲ್ಲಿ ದೂಳು ಹಿಡಿದು ಬಿದ್ದಿದ್ದ, ಸೀಡರ್ ಹಲಗೆಗಳ ಮೇಲೆ ಕ್ಯಾನ್ವಾಸ್ ಹೊದಿಸಿದ ಕೆನೂ ದೋಣಿಯೊಂದನ್ನು ಕೊಂಡಿದ್ದೇನೆ. ತಯಾರಕರ ಫಲಕ ಉಳಿದಿಲ್ಲ. ಇದರ ಮೂಲವನ್ನೂ ಕಾಲವನ್ನೂ ತಿಳಿಯುವುದು ಹೇಗೆ?

ಉತ್ತರ 1: ದೋಣಿಯ ಎರಡೂ ತುದಿಗಳ ಒಳಗೆ, ತಳಕ್ಕೆ ಸೇರುವ ಬಾಗಿದ ಮರದ ಮೇಲೆ ಒತ್ತಿದ ಅಂಕಿಗಳನ್ನು ಹುಡುಕಿ. ಓಲ್ಡ್ ಟೌನ್ ಕಂಪನಿಯದಾದರೆ ಕ್ರಮಸಂಖ್ಯೆಯ ಜೊತೆಗೆ ಅಡಿಗಳಲ್ಲಿ ಉದ್ದವೂ ಇರುತ್ತದೆ. ವಾರ್ನಿಷ್ ತುಂಬಿಕೊಂಡಿದ್ದರೆ ದಯವಿಟ್ಟು ಕೆರೆಯಬೇಡಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಅಂಕಿ ಎದ್ದು ಕಾಣುತ್ತದೆ.

ಪ್ರಶ್ನಿಸಿದವರು: ಸಿಕ್ಕಿತು! ಕೊನೆಯಲ್ಲಿ 16 ಎಂದಿದೆ.

ಉತ್ತರ 2: ಹಾಗಾದರೆ ಮುಕ್ಕಾಲು ಕೆಲಸ ಮುಗಿದಂತೆಯೇ. ಆ ಕಂಪನಿಯ ತಯಾರಿಕಾ ದಾಖಲೆಗಳ ಸ್ಕ್ಯಾನ್ ಪ್ರತಿಗಳನ್ನು ಇಟ್ಟುಕೊಂಡಿರುವ ವುಡನ್ ಕೆನೂ ಹೆರಿಟೇಜ್ ಅಸೋಸಿಯೇಷನ್‌ನವರಿಗೆ ಸಂಖ್ಯೆಯನ್ನು ಕಳುಹಿಸಿದರೆ, ಮಾದರಿ, ಮೂಲ ಬಣ್ಣ, ರವಾನೆಯಾದ ದಿನಾಂಕ ಮತ್ತು ಊರು ತಿಳಿಯುತ್ತವೆ.