ಸಹಾಯ ಬೇಕು: ಪೈಕ್ ಮತ್ತು ವಾಲೈ ಮೀನಿಗೆ ಎಷ್ಟು ನಂಬರಿನ ಫ್ಲೈ ರಾಡ್?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನವನಾದ ನಾನು ಜೂನ್‌ನಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿರುವ ಅಕ್ಕನ ಮನೆಗೆ ಹೋಗಲಿದ್ದು, ಅಲ್ಲಿನ ಸರೋವರಗಳಲ್ಲಿ ಪೈಕ್ ಮತ್ತು ವಾಲೈ (walleye) ಎಂಬ ಬೇಟೆ ಮೀನುಗಳನ್ನು ಫ್ಲೈ ರಾಡಿನಲ್ಲಿ (ಹಗುರ ಕೃತಕ ಆಮಿಷವನ್ನು ಲೈನಿನ, ಅಂದರೆ ದಾರದ, ಭಾರದಿಂದಲೇ ಬೀಸಿ ಎಸೆಯುವ ಗಾಳದ ಕೋಲು) ಹಿಡಿಯುವ ಆಸೆಯಿದೆ. ನನ್ನಲ್ಲಿರುವುದು 9 ಅಡಿಯ, 5 ನಂಬರಿನ ರಾಡ್ ಒಂದೇ (ನಂಬರು ಹೆಚ್ಚಿದಷ್ಟೂ ಭಾರದ ಲೈನ್ ಬೀಸಬಲ್ಲ ರಾಡ್). ಮೊನ್ನೆ ತಾರಸಿಯ ಮೇಲೆ ಗೇಣುದ್ದದ ಪೈಕ್ ಫ್ಲೈಯನ್ನು (ಪೈಕ್‌ಗೆಂದು ಗಾಳಕ್ಕೆ ಕಟ್ಟಿದ ಕೃತಕ ಆಮಿಷ) ನೀರಿನಲ್ಲಿ ಅದ್ದಿ ಬೀಸಿ ನೋಡಿದಾಗ, ಆ ಭಾರಕ್ಕೆ ರಾಡ್ ಸೋತು ಲೈನ್ ನನ್ನ ಬೆನ್ನ ಮೇಲೆಯೇ ಬಿತ್ತು (ಪಕ್ಕದಲ್ಲಿ ಒಣಗಲು ಹಾಕಿದ್ದ ಸೀರೆಗೆ ಗಾಳ ಸಿಕ್ಕಿಕೊಳ್ಳದಿದ್ದುದು ಪುಣ್ಯ). ಪೈಕ್‌ಗೆ 8 ಅಥವಾ 9, ವಾಲೈಗೆ 6 ಅಥವಾ 7 ಎಂಬ ರೂಢಿಯನ್ನು ಬಲ್ಲೆ; ಆದರೆ ಎರಡು ರಾಡ್ ಕೊಳ್ಳುವ ಅನುಕೂಲವಿಲ್ಲದ ಕಾರಣ, 8 ನಂಬರಿನದೊಂದರಲ್ಲೇ ಎರಡನ್ನೂ ನಿಭಾಯಿಸಬಹುದೇ, ಮುಸ್ಸಂಜೆಯಲ್ಲಿ ತಳದ ಬಳಿ ಮೇಯುವ ವಾಲೈಯ ಮೆಲ್ಲನೆಯ ಎಳೆತ ಅದರಲ್ಲಿ ಕೈಗೆ ತಿಳಿಯುವುದೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು. ಪೈಕ್‌ನ ಹಲ್ಲಿಗೆಂದು ತಂತಿಯ ಲೀಡರ್ (ಲೈನಿಗೂ ಫ್ಲೈಗೂ ನಡುವೆ ಕಟ್ಟುವ ಎಳೆ) ಆಗಲೇ ತಂದಿಟ್ಟಿದ್ದೇನೆ. ಮುಳುಗುವ ಲೈನ್ ಕೂಡ ಬೇಕಾಗುವುದೇ?