ಸಮಸ್ಯೆ: ‘ಸತ್ತವನೇ ತನ್ನ ಶವಕೆ ಕಣ್ಣೀರಿಟ್ಟಂ’

ನಾಲ್ಕು ಸಾಲಿನ ಕಂದಪದ್ಯದ ಕೊನೆಯ ಪಾದ ಕೊಟ್ಟಿದ್ದೇನೆ. ಮೊದಲ ಮೂರು ಪಾದ ಬರೆದು, ಈ ಒಗಟಿನಂಥ ಮಾತಿಗೆ ಅರ್ಥ ಕೂಡಿಸುವುದೇ ಪೂರಣ. ವಸ್ತು ನಾಟಕದ ನಾಯಕ. ದೆವ್ವ, ಕನಸು, ಪುನರ್ಜನ್ಮಗಳ ಸುಲಭದ ದಾರಿ ಬೇಡ.

ಪೂರಣ 1

ಕತ್ತಿಗೆ ಬಿದ್ದಾ ನಟನೇ
ಮತ್ತೊಂದು ಮೊಗಂ ತೊಡುತ್ತೆ ತಮ್ಮನೆನಿಸಿದಂ
ಸುತ್ತಣ ಮೇಳಂ ನೋಡಲ್
ಸತ್ತವನೇ ತನ್ನ ಶವಕೆ ಕಣ್ಣೀರಿಟ್ಟಂ

ಇದು ಪ್ರಾಚೀನ ಗ್ರೀಕ್ ನಾಟಕಕಾರ ಸೋಫೋಕ್ಲೀಸನ ‘ಅಜಾಕ್ಸ್’. ಗ್ರೀಸಿನಲ್ಲಿ ಮೊದಲು ಮೇಳವೇ ಹಾಡಿ ಕುಣಿಯುತ್ತಿತ್ತು. ಅದರಿಂದ ಬೇರೆಯಾಗಿ ನಿಂತು ಮಾತಾಡಿದ ಮೊದಲಿಗ ಥೆಸ್ಪಿಸ್ ಎನ್ನುತ್ತದೆ ಪರಂಪರೆ. ಎರಡನೆಯ ನಟನನ್ನು ಈಸ್ಕಿಲಸ್, ಮೂರನೆಯವನನ್ನು ಸೋಫೋಕ್ಲೀಸ್ ತಂದರೆಂದು ಅರಿಸ್ಟಾಟಲ್ ಬರೆದಿದ್ದಾನೆ. ಮುಖವಾಡ ಬದಲಿಸುತ್ತ ಎಲ್ಲ ಪಾತ್ರಗಳನ್ನೂ ಆ ಮೂವರೇ ಆಡಬೇಕು. ವೀರ ಅಜಾಕ್ಸ್ ನಾಟಕದ ನಡುವೆಯೇ ತನ್ನ ಕತ್ತಿಗೆ ಬಿದ್ದು ಸಾಯುತ್ತಾನೆ. ಆಮೇಲೆ ಬಂದು ಹೆಣದ ಮುಂದೆ ಗೋಳಿಡುವ ಮಲತಮ್ಮ ಟ್ಯೂಸರನನ್ನೂ ಅದೇ ಮುಖ್ಯನಟ ಆಡುತ್ತಿದ್ದನೆಂಬುದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುವ ಮಾತು. ಅಲ್ಲಿ ಮೊದಲ ಸ್ಥಾನ ನಟನದು, ಕಥಾವೀರನದಲ್ಲ. ಹಾಗಾಗಿಯೇ ಒಂದೇ ಮೈ ಸಾವನ್ನೂ ಶೋಕವನ್ನೂ ಹೊತ್ತಿತು.

ಪ್ರತಿಕ್ರಿಯೆ

‘ತೊಡುತ್ತೆ’ ಜಗಣವಾಗಿ (ಲಘು-ಗುರು-ಲಘು) ಎಷ್ಟು ಚೆನ್ನಾಗಿ ಕೂತಿದೆ! ಬಿಎಂಶ್ರೀ ‘ಅಶ್ವತ್ಥಾಮನ್’ (1929) ಬರೆದದ್ದು ಈ ನಾಟಕದ ಜಾಡಿನಲ್ಲೇ. ನಾಯಕನ ಇಂಥ ಸಾವನ್ನು ನಮ್ಮ ಲಾಕ್ಷಣಿಕರು, ಎಂದರೆ ಕಾವ್ಯ-ನಾಟಕಗಳ ನಿಯಮ ಬರೆದವರು, ಬಿಡುತ್ತಿರಲಿಲ್ಲ. ಧನಂಜಯನ ಸಂಸ್ಕೃತ ನಾಟ್ಯಗ್ರಂಥ ‘ದಶರೂಪಕ’ ನಾಯಕನನ್ನು ಧೀರೋದಾತ್ತ (ಗಂಭೀರ), ಧೀರಲಲಿತ (ವಿಲಾಸಿ), ಧೀರಶಾಂತ (ಶಾಂತ), ಧೀರೋದ್ಧತ (ಗರ್ವಿ) ಎಂದು ಗುಣದಿಂದ ಅಳೆಯುತ್ತದೆ. ಕಥೆಯ ಫಲ ಅವನದು; ಆದ್ದರಿಂದ ಅವನ ವಧೆ ಎಲ್ಲೂ ಬರಬಾರದು. ಅಂಕಗಳ ನಡುವೆ ನಡೆದದ್ದನ್ನು ತಿಳಿಸುವ ಪ್ರವೇಶಕದಲ್ಲಿ ಸೂಚಿಸುವುದೂ ಸಲ್ಲದೆಂದು ಆ ಗ್ರಂಥಕ್ಕೆ ಧನಿಕನ ವ್ಯಾಖ್ಯೆ.

ಪೂರಣ 2

ಅತ್ತಿತ್ತ ಪೆಣದ ಬನದೊಳ್
ತತ್ತರಿಸುತೆ ಕಂಡು ಕರ್ಣನಂ ಕುರುಪತಿ ತಾಂ
ಪತ್ತಿದ ಕೆಳೆಗುಸಿರೊಂದೆನೆ
ಸತ್ತವನೇ ತನ್ನ ಶವಕೆ ಕಣ್ಣೀರಿಟ್ಟಂ

ಗೆಳೆಯರಿಬ್ಬರಿಗೆ ಉಸಿರು ಒಂದೇ. ಕರ್ಣ ಸತ್ತಾಗಲೇ ದುರ್ಯೋಧನನೂ ಸತ್ತ. ರನ್ನ ತನ್ನ ಗದಾಯುದ್ಧ ಕಾವ್ಯಕ್ಕೆ ಹೆಸರಿಟ್ಟದ್ದು ‘ಸಾಹಸಭೀಮವಿಜಯ’, ಪಟ್ಟ ಕಟ್ಟಿದ್ದೂ ಭೀಮನಿಗೆ. ಓದುವವನ ಎದೆ ಮಾತ್ರ ಹೆಣಗಳ ನಡುವೆ ನಡೆವ ಛಲದಂಕಮಲ್ಲ ದುರ್ಯೋಧನನ ಹಿಂದೆಯೇ ಹೋಗುತ್ತದೆ. ಬಿಎಂಶ್ರೀ 1926ರಲ್ಲಿ ಅದನ್ನು ‘ಗದಾಯುದ್ಧ ನಾಟಕಂ’ ಮಾಡಿದಾಗ ದುರಂತನಾಯಕನ ಪೀಠ ಅವನದೇ ಆಯಿತು. ಫಲ ಸಿಕ್ಕವನಿಗಿಂತ ಎಲ್ಲ ಕಳೆದುಕೊಂಡವನೇ ನಾಯಕನೆಂದು ನಾನು ನಂಬುತ್ತೇನೆ.

ಸಮಸ್ಯೆ ಕೊಟ್ಟವರು

ಭಾವಕ್ಕೆ ಎರಡನೆಯದು ಮೇಲು. ಸಮಸ್ಯೆಯ ಗಂಟನ್ನು ನಿಜವಾಗಿ ಬಿಚ್ಚಿದ್ದು ಮೊದಲನೆಯದೇ: ಅಲ್ಲಿ ‘ಸತ್ತವನೇ’ ಎಂಬುದು ರೂಪಕವಲ್ಲ, ಕಣ್ಣೆದುರು ನಡೆದದ್ದು. ಇನ್ನು ಭಾಸನ ಸಂಸ್ಕೃತ ನಾಟಕ ‘ಊರುಭಂಗ’ ಉಳಿದಿದೆ. ಅಲ್ಲಿ ದುರ್ಯೋಧನ ರಂಗದ ಮೇಲೆಯೇ ಪ್ರಾಣ ಬಿಡುತ್ತಾನೆ. ಅದನ್ನು ಇದೇ ಪಾದಕ್ಕೆ ಯಾರು ತರುತ್ತೀರಿ?